ಹಳೇ ಲಾಂಚಿನ ಪರ್ಕಿನ್ಸ್ 4.236 ಬ್ಲಾಕ್ ಸೀಳೈತಿ: ಯಾವ ಎಂಜಿನ್ನಿನ ಬ್ಲಾಕ್ ಕೂಡ್ತೈತಿ?

ಹಿನ್ನೀರದಂಡಿ (ಬೀಳಗಿ):

ಎಲ್ಲಾರಿಗೂ ನಮಸ್ಕಾರ್ರಿ. ಆಲಮಟ್ಟಿ ಹಿನ್ನೀರಿನ್ಯಾಗ ಓಡೂ 32 ಫೂಟಿನ ಫೈಬರ್ ಲಾಂಚ್, ಸಮುದ್ರದ ಕಡಿಂದ ತಂದದ್ದು. ಎಂಜಿನ್ ಪರ್ಕಿನ್ಸ್ 4.236 ಮರೀನ್ (ದೋಣಿಗಂತ ಕಟ್ಟಿದ ಡೀಸೆಲ್), ಹಿಂದ ಬೋರ್ಗ್ ವಾರ್ನರ್ ವೆಲ್ವೆಟ್ ಡ್ರೈವ್ ಗೇರ್‌ಬಾಕ್ಸ್. ಸ್ಟ್ರೇನರಿಗೆ (ಹೊಳಿ ನೀರು ಸೋಸೂ ಜಾಳಗಿ) ಅಂತರಗಂಗಿ ಬೇರು, ರಾಡಿ ತುಂಬಿ ಹೊಳಿ ನೀರು ಎಳೂದು ನಿಂತು, ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ರೆಕ್ಕಿಗಾಲಿ) ಸುಟ್ಟು, ಎಂಜಿನ್ ಕಾದು ಜಾಮ್ ಆಗೈತಿ. ಹೆಡ್ ಬಿಚ್ಚಿ ನೋಡಿದ್ರ 2 ಮತ್ತ 3ನೇ ಸಿಲಿಂಡರ್ ನಡುವ, ಬ್ಲಾಕಿನ (ಸಿಲಿಂಡರ್ ಇರೂ ಎಂಜಿನ್ ಮೈ) ಮುಖದ ಮ್ಯಾಲ ಕೂದಲೆಳಿಯಂಥಾ ಗೆರಿ ಕಾಣಸ್ತೈತಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕ ತಿರಗೈತಿ.

ಪುಣೆ ಗುಜರಿಯವರ ಹತ್ರ ಎರಡು ಮಾಲು ಅದಾವು. ಒಂದು ಫೋರ್ಕ್‌ಲಿಫ್ಟಿನಿಂದ ಇಳಿಸಿದ ಪೂರಾ 4.236 ಎಂಜಿನ್, ಇನ್ನೊಂದು ಟ್ರ್ಯಾಕ್ಟರಿನ 4.248ರ ಖಾಲಿ ಬ್ಲಾಕ್. "ಎರಡೂ ಒಂದ, ಯಾವುದರ ಒಯ್ಯಿರಿ" ಅಂತಾರ. ಖಾಲಿ ಬ್ಲಾಕ್ ಅಗ್ಗ. ಅದಕ್ಕ ನಮ್ಮ ಕ್ರ್ಯಾಂಕ್, ಪಿಸ್ಟನ್ ಹಾಕಿದ್ರ ನಡೀತೈತೇನು? ಫೋರ್ಕ್‌ಲಿಫ್ಟ್ ಎಂಜಿನ್ ತಂದ್ರ ಮರೀನ್ ಸಾಮಾನು ಎಲ್ಲಾ ಅದರ ಮ್ಯಾಲ ಕೂಡ್ತಾವೇನು? ಜುಲೈದಾಗ ಹೊಳಿ ಬಂದು ಹಿನ್ನೀರು ಏರೂದ್ರೊಳಗ ಲಾಂಚ್ ನೀರಿಗೆ ಬಿಡಬೇಕು. ಈಗ ದಂಡಿ ಮ್ಯಾಲ ಐತಿ.

ಲೇಥ್_ಉದ್ಯಮಬಾಗ (ಬೆಳಗಾವಿ):

ಬ್ಲಾಕ್ ಹುಡಕೂದಕಿಂತ ಮೊದಲ ನಿಮ್ಮ ಬ್ಲಾಕ್ ಖರೇನ ಹೋಗೈತೋ ಇಲ್ಲೋ ತಿಳ್ಕೋರಿ. ಮರೀನ್ ಎಂಜಿನ್ನಿನ್ಯಾಗ ಆಯಿಲಿಗೆ ನೀರು ಕೂಡಿತು ಅಂದ್ರ ಮೊದಲ ಸಂಶಯ ಪಡೂದು ಆಯಿಲ್ ಕೂಲರ್ ಮ್ಯಾಲ. ಅದರ ನಳಿಗಿ ತೂತು ಬಿದ್ರೂ ಇದ ಬಣ್ಣ ಬರತೈತಿ. ಕೂಲರ್ ಬಿಚ್ಚಿ ಒಂದು ಬಾಯಿ ಬಂದ್ ಮಾಡಿ, ಇನ್ನೊಂದಕ್ಕ ಹವಾ ಕೊಟ್ಟು ನೀರಿನ ಬಕೀಟಿನ್ಯಾಗ ಮುಳುಗಿಸ್ರಿ. ಗುಳ್ಳಿ ಬಂತಂದ್ರ ಅರ್ಧ ಉತ್ತರ ಅಲ್ಲೇ ಸಿಕ್ಕಂಗ. ಆಮ್ಯಾಲ ಹೆಡ್. ಅಷ್ಟು ಕಾದ ಹೆಡ್ ವಾಲ್ವ್ ಸೀಟಿನ ನಡುವ ಸೀಳಿರತೈತಿ, ಇಲ್ಲಾ ಬಾಗಿರತೈತಿ. ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ಉದ್ದಕ್ಕೂ ಅಡ್ಡಕ್ಕೂ ನೋಡ್ರಿ. ಹೆಡ್ ಸೀಳಿದ್ದು ಗೊತ್ತಿಲ್ಲದ ಬ್ಲಾಕ್ ಬದಲಿಸಿದ್ರ ಎಲ್ಲಾ ಖರ್ಚು ನೀರಾಗ ಹಾಕಿದಂಗ.

ಬ್ಲಾಕಿನ ಮ್ಯಾಲಿನ ಗೆರಿಗೆ ಡೈ ಪೆನೆಟ್ರಂಟ್ ಹೊಡೀರಿ. ಮೂರು ಡಬ್ಬಿಯ ಸೆಟ್ ವೆಲ್ಡಿಂಗ್ ಸಾಮಾನಿನ ಅಂಗಡ್ಯಾಗ ಸಿಗತೈತಿ. ಮುಖ ಪೂರಾ ಒರಸಿ, ಕೆಂಪು ಬಣ್ಣ ಹೊಡದು ಹತ್ತು ಹದಿನೈದು ನಿಮಿಷ ಬಿಟ್ಟು, ಕ್ಲೀನರ್ ಹಾಕಿದ ಅರಬೀಲೆ ಒರಸಿ, ಬಿಳಿ ಡೆವಲಪರ್ ಹೊಡದ್ರ ಗೆರಿ ಎಲ್ಲಿಂದ ಎಲ್ಲಿ ತನಕ ಹೋಗೈತಿ ಕಾಣಸ್ತೈತಿ. ಬರೇ ಬೋಲ್ಟ್ ತೂತಿನಿಂದ ನೀರಿನ ತೂತಿಗೆ ಹೋಗಿದ್ರ ಅದನ್ನ ಹೊಲೀಬಹುದು. ಆದ್ರ ಗೆರಿ ಲೈನರ್ (ಪಿಸ್ಟನ್ ಓಡೂ ಕೊಳವಿ) ಕೂಡೂ ಬೋರಿನೊಳಗ ಇಳದಿದ್ರ ಮಾತು ಬ್ಯಾರೆ. 4.236ಕ್ಕ ಇರೂದು ಡ್ರೈ ಲೈನರ್, ಅಂದ್ರ ನೀರು ನೇರ ಮುಟ್ಟದ್ದು. ಬೋರ್ ಸೀಳಿದ್ರ ನೀರು ಲೈನರಿನ ಬೆನ್ನಿನಗುಂಟ ಇಳದು ಸಂಪಿಗೆ (ಕೆಳಗಿನ ಆಯಿಲ್ ತೊಟ್ಟಿ) ಬರತೈತಿ, ಲೈನರ್ ಮುಂದ ಇರೂದ್ರಿಂದ ಕಣ್ಣಿಗೆ ಬೀಳೂದಿಲ್ಲ.

ಪೂರಾ ಖಾತ್ರಿ ಬೇಕಂದ್ರ ಪ್ರೆಷರ್ ಟೆಸ್ಟ್. ನೀರಿನ ಎಲ್ಲಾ ತೂತಿಗೂ ರಬ್ಬರ್ ಇಟ್ಟು ಪಟ್ಟಿ ಬಿಗದು, 30 ಪೌಂಡ್ ಹವಾ ಕೊಟ್ಟು, 80 ಡಿಗ್ರಿ ಸುತ್ತಮುತ್ತ ಕಾದ ನೀರಿನ ಹೌದಿನ್ಯಾಗ ಇಳಸ್ತಾರ. ತಣ್ಣನ್ನ ಬ್ಲಾಕಿನ್ಯಾಗ ಮುಚ್ಚಿಕೊಂಡಿರೂ ಸೀಳು ಕಾದಾಗ ಬಾಯಿ ಬಿಡತೈತಿ, ಅದಕ್ಕ ಬಿಸಿ ನೀರು. ಬೆಳಗಾವಿ ಉದ್ಯಮಬಾಗದಾಗ, ಕೊಲ್ಹಾಪುರದಾಗ ಬ್ಲಾಕ್ ಕೆಲಸ ಮಾಡೂ ಶಾಪ್ ಅದಾವು. ಒಯ್ಯೂ ಮೊದಲ ನೀರಿನ ಹೌದು ಎಷ್ಟು ದೊಡ್ಡದೈತಿ, ಬಿಸಿ ನೀರಿನ ಟೆಸ್ಟ್ ಮಾಡ್ತಾರೋ ಇಲ್ಲೋ ಫೋನ್ ಮಾಡಿ ಕೇಳ್ರಿ. ಬರೇ ತಣ್ಣೀರು ತುಂಬಿ "ಪಾಸ್" ಅನ್ನೂ ಕಡೆ ಕೊಡಬ್ಯಾಡ್ರಿ.

ಮತ್ತೊಂದು ಮಾತು. ಯಾರರ ಬಂದು ಆರ್ಕ್ ವೆಲ್ಡಿಂಗ್ ಹೊಡದು ಕೊಡ್ತೀನಿ ಅಂದ್ರ ಒಪ್ಪಬ್ಯಾಡ್ರಿ. ಬೀಡು ಕಬ್ಬಿಣ ಒಂದ ಜಾಗಾದಾಗ ಕಾದು ತಣ್ಣಗಾತಂದ್ರ ವೆಲ್ಡಿನ ಮಗ್ಗಲದಾಗ ಹೊಸಾ ಸೀಳು ಬಿಡತೈತಿ. ಕೋಲ್ಡ್ ಸ್ಟಿಚಿಂಗ್ ಅಂದ್ರ ಸೀಳಿನ ಗುಂಟ ತೂತು ಹೊಡದು, ಒಂದರ ಮೈಮ್ಯಾಲ ಒಂದು ಬರೂವಂಗ ಪಿನ್ ತಿರುಗಿಸಿ, ಅಡ್ಡಕ್ಕ ಕೀಲಕ ಕೂಡಸೂದು. ಹೊರಗಿನ ನೀರಿನ ಗ್ವಾಡಿಗೆ ಅದು ಛಲೋ ನಡೀತೈತಿ. ಕ್ರ್ಯಾಂಕಿನ ಮೇನ್ ಬೇರಿಂಗ್ ಹೊರೂ ಅಡ್ಡಗ್ವಾಡಿ ಸೀಳಿದ್ರ ಯಾವ ರಿಪೇರಿನೂ ಬ್ಯಾಡ, ಆ ಬ್ಲಾಕ್ ಗುಜರಿಗೇ.

ಡೀಸೆಲ್_ವಿಜಯಪುರ:

ಮ್ಯಾಲಿನವರು ಹೇಳಿದ್ದು ಖರೆ ಅದ. ಟೆಸ್ಟ್ ಮಾಡಸ್ರಿ. ಬ್ಲಾಕ್ ಹೋಗಿದ್ದ ಖರೆ ಆದ್ರ ಮುಂದಿಂದು ನಾ ಹೇಳ್ತೀನಿ.

ಗುಜರಿಯವರ ಮಾತು ಅರ್ಧ ಖರೆ. 4.236 ಮತ್ತು 4.248 ಒಂದೇ ಮನಿತನದ ಎಂಜಿನ್. ಸ್ಟ್ರೋಕ್ ಎರಡಕ್ಕೂ 127 ಮಿ.ಮೀ., ಅಂದ್ರ ಐದು ಇಂಚು. ಬೋರ್ ಬ್ಯಾರೆ: 4.236ಕ್ಕ 98.4 ಮಿ.ಮೀ., 4.248ಕ್ಕ ಸುಮಾರು 101. ಹೆಸರಿನ್ಯಾಗಿನ 236, 248 ಅಂದ್ರ ಘನ ಇಂಚಿನ ಲೆಕ್ಕ. ನಿಮ್ಮ ಪಿಸ್ಟನ್ ಆ ಬ್ಲಾಕಿಗೆ ಸಡಿಲ ಆಗ್ತಾವ. ಹಂಗ ನೋಡಿದ್ರ ಜಾಮ್ ಆದ ಎಂಜಿನ್ನಿನ ಪಿಸ್ಟನ್ ಮತ್ತ ಹಾಕೂದೇ ಬ್ಯಾಡ, ಸ್ಕರ್ಟ್ ಉಜ್ಜಿ ಹೋಗಿರ್ತದ. ಆದ್ರೂ ನಾ ಖಾಲಿ ಬ್ಲಾಕ್ ಬ್ಯಾಡ ಅನ್ನೂದಕ್ಕ ಬೋರ್ ಕಾರಣ ಅಲ್ಲ, ಮೇನ್ ಬೇರಿಂಗ್ ಕ್ಯಾಪ್ ಕಾರಣ. ಐದು ಮೇನ್ ಕ್ಯಾಪ್ ಬ್ಲಾಕಿಗೆ ಬಿಗದು ಒಟ್ಟಿಗೇ ಬೋರ್ ಮಾಡಿರ್ತಾರ. ಒಂದು ಬ್ಲಾಕಿನ ಕ್ಯಾಪ್ ಇನ್ನೊಂದಕ್ಕ ಹಾಕಿದ್ರ ತೂತು ದುಂಡಗ ಬರಂಗಿಲ್ಲ, ಸಾಲು ನೆಟ್ಟಗ ಇರಂಗಿಲ್ಲ. ಕ್ರ್ಯಾಂಕ್ ಒಂದು ಬೇರಿಂಗಿನ್ಯಾಗ ಹಗುರ, ಇನ್ನೊಂದರಾಗ ಬಿಗಿ ತಿರಗ್ತದ, ಕಡೀಕ ಒಡೀತದ. ಖಾಲಿ ಬ್ಲಾಕ್ ತರೂದಾದ್ರ ಅದರದ್ದೇ ಐದು ಕ್ಯಾಪ್ ಅದರ ಜೋಡಿ ಇರಬೇಕು, ನಂಬರ್ ಹೊಡದಿರಬೇಕು. ಇಲ್ಲಂದ್ರ ಲೈನ್ ಬೋರಿಂಗ್ (ಐದೂ ತೂತು ಒಂದೇ ಸಾಲಿಗೆ ಕೊರಸೂದು) ಮಾಡಸಬೇಕು, ಆವಾಗ ಅಗ್ಗದ ಬ್ಲಾಕ್ ಅಗ್ಗ ಉಳಿಯಂಗಿಲ್ಲ.

ಅದಕ್ಕ ಫೋರ್ಕ್‌ಲಿಫ್ಟಿನ ಪೂರಾ ಎಂಜಿನ್ ಕಡೆ ನೋಡ್ರಿ. ರೊಕ್ಕ ಕೊಡೂಕಿಂತ ಮೊದಲ ಎರಡೂ ಎಂಜಿನ್ನಿನ ನಂಬರ್ ಬರಕೋರಿ. ಬ್ಲಾಕಿನ ಎಡಮಗ್ಗಲ, ಫ್ಯುಯೆಲ್ ಪಂಪಿನ ಆಸುಪಾಸು ಪಂಚ್ ಮಾಡಿರ್ತಾರ. ಗ್ರೀಸ್, ಪೇಂಟ್ ಕೆರದ್ರ ಕಾಣಸ್ತದ. 1974ರಿಂದ ಈಚೆಗಿನ ಪರ್ಕಿನ್ಸ್ ಆದ್ರ ಮೊದಲ ಎರಡು ಇಂಗ್ಲಿಷ್ ಅಕ್ಷರ ಎಂಜಿನ್ ಮನಿತನ ಹೇಳ್ತಾವ. ಎಲ್‌ಡಿ ಇದ್ರ 4.236. ಮುಂದಿನ ಐದು ಅಂಕಿ ಲಿಸ್ಟ್ ನಂಬರ್, ಅಂದ್ರ ಆ ಎಂಜಿನ್ ಯಾವ ಸಾಮಾನು ಹಾಕಿ ಯಾವ ಕೆಲಸಕ್ಕ ಕಟ್ಟಿದ್ದು ಅನ್ನೂದು. ಆಮ್ಯಾಲ ದೇಶದ ಅಕ್ಷರ, ಇಂಗ್ಲೆಂಡಿಂದಾದ್ರ ಯು. ಅದರ ಮುಂದ ಎಂಜಿನ್ನಿನ ಸ್ವಂತ ನಂಬರ್, ಕಡೀಕ ವರ್ಷದ ಅಕ್ಷರ. ಎ ಅಂದ್ರ 1974, ಬಿ 1975, ಹಿಂಗ. ಬಿಡಿಭಾಗದವರಿಗೆ ಈ ಸಾಲು ಪೂರಾ ಕೊಡ್ರಿ. ಬ್ಲಾಕಿನ ಮೈಮ್ಯಾಲ ಉಬ್ಬಿ ನಿಂತ ಅಂಕಿ ಎರಕದ ನಂಬರ್. ಒಂದೇ ಎರಕ ನಾಕಾರು ನಮೂನಿ ಎಂಜಿನ್ನಿಗೆ ಹೋಗಿರ್ತದ, ಅದನ್ನ ನಂಬಿ ತಗೋಬ್ಯಾಡ್ರಿ.

ನಂಬರ್ ಕೂಡಿದ್ರೂ ಎರಡು ಜಾಗಾ ಕೈ ಹಾಕಿ ನೋಡಬೇಕು.

ಒಂದು, ಬ್ಯಾಲೆನ್ಸರ್, ಅಂದ್ರ ನಡುಕ ತಡಿಯೂ ತಿರುಗೂ ತೂಕ. ಕೆಲವು 4.236ಕ್ಕ ಸಂಪಿನೊಳಗ ಬ್ಯಾಲೆನ್ಸರ್ ಇರ್ತದ, ಕೆಲವಕ್ಕ ಇರಂಗಿಲ್ಲ. ಬ್ಯಾಲೆನ್ಸರ್ ಇದ್ದದ್ದರಾಗ ಆಯಿಲ್ ಪಂಪ್ ಅದರ ಚೌಕಟ್ಟಿನ್ಯಾಗ ಇರ್ತದ. ಇಲ್ಲದ್ದರಾಗ ಮುಂದಿನ ಮೇನ್ ಕ್ಯಾಪಿಗೆ ಜೋತು ಬಿದ್ದಿರ್ತದ. ನಿಮ್ಮ ಮರೀನ್ ಸಂಪ್ ಯಾವುದಕ್ಕ ಮಾಡಿದ್ದೋ ಆ ನಮೂನಿ ಎಂಜಿನ್ನೇ ಬೇಕು.

ಎರಡು, ಹಿಂದಿನ ಆಯಿಲ್ ಸೀಲ್. ಹಳೇದಕ್ಕ ಎರಡು ತುಂಡಿನ ಮನಿಯೊಳಗ ಹಗ್ಗದ ಸೀಲ್, ಹೊಸದಕ್ಕ ಒಂದೇ ತುಂಡಿನ ಲಿಪ್ ಸೀಲ್. ಕ್ರ್ಯಾಂಕಿನ ಹಿಂದಿನ ತುದಿ ಎರಡಕ್ಕೂ ಬ್ಯಾರೆ. ಅದಕ್ಕ ಬ್ಲಾಕ್, ಕ್ರ್ಯಾಂಕ್, ಸೀಲಿನ ಮನಿ ಮೂರೂ ಒಂದೇ ಎಂಜಿನ್ನಿಂದು ಇರಲಿ. ಇದರಿಂದ ಒಂದು, ಅದರಿಂದ ಒಂದು ಕೂಡಿಸಿದ್ರ ಕ್ಲಚ್ ಮನಿಯೊಳಗ ಆಯಿಲ್ ಸೋರ್ತದ. ಲಾಂಚಿನ್ಯಾಗ ಅದನ್ನ ತಿದ್ದಬೇಕಂದ್ರ ಗೇರ್‌ಬಾಕ್ಸ್ ಹಿಂದಕ್ಕ ಸರಸಬೇಕು, ನೆಪ್ಪಿರಲಿ.

ಟರ್ಬೋ ಎಂಜಿನ್ನಿನ ಕ್ರ್ಯಾಂಕ್ ಬಂದ್ರ ಸುಮ್ನ ಗ್ರೈಂಡ್ ಮಾಡಸಬ್ಯಾಡ್ರಿ. ಅದರ ಮೈ ಗಟ್ಟಿ ಮಾಡಿದ್ದು, ಕೆರದ ಮ್ಯಾಲ ಮತ್ತ ಗಟ್ಟಿ ಮಾಡಸಬೇಕಾಗ್ತದ. ಇನ್ನ, ಬೋಲ್ಟ್ ಎಲ್ಲಾ ಇಂಚಿನ ಆಟೆ. 3/8 ಇಂಚಿನ ತೂತಿಗೆ 10 ಮಿ.ಮೀ. ಬೋಲ್ಟ್ ಎರಡು ಸುತ್ತು ಹೋಗ್ತದ, ಆಮ್ಯಾಲ ಆಟೆ ತಿಂತದ.

ಹಿನ್ನೀರದಂಡಿ (ಬೀಳಗಿ):

ಭಾಳ ಉಪಕಾರ ಆತ್ರಿ. ಹೇಳಿದ್ದೆಲ್ಲಾ ಮಾಡಿಸಿದ್ವಿ. ಆಯಿಲ್ ಕೂಲರ್ ಸರಿ ಐತಿ. ಹೆಡ್ ಸೀಳಿಲ್ಲ, ಆದ್ರ ನಡುವ ಬಾಗೈತಿ. ಬ್ಲಾಕ್ ಬಿಸಿ ನೀರಿನ್ಯಾಗ ಇಳಿಸಿದಾಗ 2ನೇ ಬೋರಿನಿಂದ ಗುಳ್ಳಿ ಬಂದ್ವು, ಗೆರಿ ಮ್ಯಾಲಿಂದ ಎರಡು ಇಂಚು ಒಳಗ ಇಳದೈತಿ. ಅಂದ್ರ ಬ್ಲಾಕ್ ಹೋತು.

ಎರಡೂ ಎಂಜಿನ್ ನಂಬರ್ ಎಲ್‌ಡಿಯಿಂದ ಸುರು. ಎರಡಕ್ಕೂ ಬ್ಯಾಲೆನ್ಸರ್ ಐತಿ. ನಮ್ಮದು ಹಗ್ಗದ ಸೀಲ್, ಫೋರ್ಕ್‌ಲಿಫ್ಟಿಂದು ಲಿಪ್ ಸೀಲ್. ಅದು ಕೈಯಿಂದ ತಿರಗತೈತಿ, ಆದ್ರ ಬಿಸಲಾಗ ಎಷ್ಟು ದಿನ ಬಿದ್ದಿತ್ತೋ ಗೊತ್ತಿಲ್ಲ. ಹಂಗ ಎತ್ತಿ ಕೂಡಸಬೇಕೋ, ಬಿಚ್ಚಬೇಕೋ? ಫ್ಲೈವೀಲ್, ಪಂಪ್, ಸಂಪ್ ಯಾವುದು ಯಾರದ್ದು ಹಾಕಬೇಕು?

ಲೇಥ್_ಉದ್ಯಮಬಾಗ (ಬೆಳಗಾವಿ):

ಬಿಚ್ಚ್ರಿ. ಲಾಂಚಿನೊಳಗ ಕೂಡಿಸಿದ ಮ್ಯಾಲ ಸಂಪ್ ಇಳಸೂ ಜಾಗಾನೂ ಇರಂಗಿಲ್ಲ.

ಆ ಬ್ಲಾಕಿಗೂ ಅದ ಪ್ರೆಷರ್ ಟೆಸ್ಟ್ ಆಗಲಿ. ಕೋರ್ ಪ್ಲಗ್ (ಬ್ಲಾಕಿನ ನೀರಿನ ತೂತು ಮುಚ್ಚೂ ಬಿಲ್ಲಿ) ಎಲ್ಲಾ ತಗದು ಹೊಸಾವು ಹಾಕ್ರಿ, ತಗದಾಗ ಒಳಗಿನ ತುಕ್ಕು, ಉಪ್ಪಿನ ಪದರು ಕೆರದು ತಗೀರಿ. ಆಯಿಲ್ ಹೋಗೂ ತೂತುಗಳ ಪ್ಲಗ್ ಬಿಚ್ಚಿ ಬ್ರಷ್ ಹಾಕಿ ತೊಳೀರಿ. ಕ್ರ್ಯಾಂಕಿನ ಜರ್ನಲ್ (ಬೇರಿಂಗಿನ್ಯಾಗ ತಿರಗೂ ಭಾಗ) ಮೈಕ್ರೋಮೀಟರಿನಿಂದ ಎರಡು ದಿಕ್ಕಿಗೆ ಅಳೀರಿ. ಗ್ರೈಂಡಿಂಗ್ ಬೇಕಾದ್ರ 10, 20, 30 ಥೌ (ಒಂದು ಥೌ ಅಂದ್ರ ಇಂಚಿನ ಸಾವಿರದಾಗ ಒಂದು ಪಾಲು) ಸೈಜಿನ ಬೇರಿಂಗ್ ಸಿಗತಾವು. ಬೇರಿಂಗ್ ಕೈಯಾಗ ಬರೂ ತನಕ ಕ್ರ್ಯಾಂಕ್ ಗ್ರೈಂಡರಿಗೆ ಕೊಡಬ್ಯಾಡ್ರಿ. ಕೆರದ ಮ್ಯಾಲ ಆ ಸೈಜ್ ಸಿಗಲಿಲ್ಲಂದ್ರ ಕ್ರ್ಯಾಂಕ್ ಮತ್ತೊಂದು ಮೆಟ್ಟಲಾ ಇಳಿತೈತಿ.

ಲೈನರ್ ಬದಲಿಸೂದಾದ್ರ ಮ್ಯಾಲಿನ ಕಾಲರ್ ಕೂಡೂ ತಟ್ಟು ಪೂರಾ ಸ್ವಚ್ಛ ಇರಬೇಕು. ಅಲ್ಲಿ ಒಂದು ಕಣ ಕಸ ಇದ್ರೂ ಹೆಡ್ ಬಿಗದಾಗ ಕಾಲರ್ ಮುರೀತೈತಿ. ಪಿಸ್ಟನ್ ಹಾಕಿದ ಮ್ಯಾಲ ಒಂದೊಂದ ಟಿಡಿಸಿಗೆ (ಪಿಸ್ಟನ್ ಪೂರಾ ಮ್ಯಾಲ ಬರೂ ಜಾಗಾ) ತಂದು, ಬ್ಲಾಕಿನ ಮುಖದಿಂದ ಪಿಸ್ಟನ್ ಎಷ್ಟು ಮ್ಯಾಲ ಬಂತು ಅಂತ ಡಯಲ್ ಗೇಜಿನಿಂದ ನೋಡ್ರಿ, ನಾಕೂ ಬರದಿಡ್ರಿ, ಮ್ಯಾನ್ಯುಯಲ್ಲಿನ ಅಳತಿಗೆ ಕೂಡಸ್ರಿ. ಬ್ಲಾಕಿನ ಮುಖ ಸರ್ಫೇಸ್ ಮಾಡಿದ್ರ ಪಿಸ್ಟನ್ ಅಷ್ಟ ಮ್ಯಾಲ ಬರತೈತಿ, ವಾಲ್ವಿಗೆ ಬಡೀತೈತಿ. ಹಿಂದ ಯಾರರ ಮುಖ ಕೆರದಿದ್ರ ಈ ಅಳತಿಯೊಳಗ ಸಿಕ್ಕ ಬೀಳತೈತಿ, ಅದಕ್ಕ ಇದನ್ನ ಬಿಡಬ್ಯಾಡ್ರಿ.

ಬ್ಯಾಲೆನ್ಸರ್ ಹಾಕೂ ಮುಂದ 1ನೇ ಪಿಸ್ಟನ್ ಟಿಡಿಸಿಗೆ ಇಡ್ರಿ. ಆವಾಗ ಬ್ಯಾಲೆನ್ಸರಿನ ಎರಡೂ ತೂಕ ಕೆಳಗ ಜೋತಾಡಬೇಕು. ಅದು ಕ್ರ್ಯಾಂಕಿನ ಎರಡು ಪಟ್ಟು ವೇಗದಾಗ ತಿರಗತೈತಿ. ಒಂದು ಹಲ್ಲು ತಪ್ಪಿದ್ರೂ ನಡುಕ ತಡಿಯೂ ಬದಲಿ ಹೆಚ್ಚ ಮಾಡತೈತಿ, ಫೈಬರ್ ಬಾಡಿಯ ಎಂಜಿನ್ ಬೆಡ್ ಬಿಡತೈತಿ.

ಮೇನ್ ಬೋಲ್ಟ್ 180 ಪೌಂಡ್-ಫೂಟ್, ಹೆಡ್ 100 ಪೌಂಡ್-ಫೂಟ್. ಎರಡನ್ನೂ ಮೂರು ಸುತ್ತಿನ್ಯಾಗ, ನಡುವಿನಿಂದ ಹೊರಗ ಬಿಗೀರಿ. ಮೇನ್ ಬಿಗದ ಮ್ಯಾಲ ಕ್ರ್ಯಾಂಕ್ ಒಂದು ಕೈಲೆ ತಿರಗಬೇಕು. ತಿರಗಲಿಲ್ಲಂದ್ರ ಅಲ್ಲೇ ನಿಲ್ಲಸ್ರಿ.

ಗೇರ್_ಮತ್ತು_ಶಾಫ್ಟ್ (ನವನಗರ, ಬಾಗಲಕೋಟೆ):

ಮರೀನ್ ಭಾಗಗಳ ಬಗ್ಗೆ ನಾನು ಬರೆಯುತ್ತೇನೆ.

ಹಳೆಯ ಎಂಜಿನ್ನಿನಿಂದ ಹೊಸದಕ್ಕೆ ಹೋಗಬೇಕಾದವು ಇವು: ಸಂಪ್, ಆಯಿಲ್ ಎಳೆಯುವ ಪೈಪು, ಡಿಪ್‌ಸ್ಟಿಕ್ (ಮೂರೂ ಜೊತೆಗೇ), ನೀರಿನಿಂದ ತಣಿಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಹೀಟ್ ಎಕ್ಸ್‌ಚೇಂಜರ್, ಆಯಿಲ್ ಕೂಲರ್, ರಾ ವಾಟರ್ ಪಂಪು (ಹೊಳೆ ನೀರು ಎಳೆಯುವುದು), ಅದು ಕೂರುವ ಟೈಮಿಂಗ್ ಕೇಸು, ಎಂಜಿನ್ ಕಾಲುಗಳು, ಫ್ಲೈವೀಲ್ ಹೌಸಿಂಗ್. ಸಂಪ್ ಯಾಕೆಂದರೆ ದೋಣಿಯಲ್ಲಿ ಎಂಜಿನ್ ಹಿಂದಕ್ಕೆ ಇಳಿಜಾರಾಗಿ ಕೂತಿರುತ್ತದೆ. ಫೋರ್ಕ್‌ಲಿಫ್ಟ್ ಸಂಪಿನಲ್ಲಿ ಆಯಿಲ್ ಹಿಂದೆ ಸೇರಿ ಎಳೆಯುವ ಪೈಪು ಗಾಳಿ ಕುಡಿಯಬಹುದು. ಫೋರ್ಕ್‌ಲಿಫ್ಟ್ ಟೈಮಿಂಗ್ ಕೇಸಿನಲ್ಲಿ ರಾ ವಾಟರ್ ಪಂಪಿಗೆ ಜಾಗ ಇರಲಿಕ್ಕಿಲ್ಲ, ಬಿಚ್ಚುವ ಮೊದಲೇ ನೋಡಿಕೊಳ್ಳಿ.

ಫ್ಲೈವೀಲ್ ವಿಷಯದಲ್ಲಿ ಎಚ್ಚರ. ನಿಮ್ಮ ಕ್ರ್ಯಾಂಕ್ ಈಗ ಲಿಪ್ ಸೀಲಿನದು. ಹಳೆಯ ಫ್ಲೈವೀಲ್ ಅದರ ತುದಿಗೆ ಕೂರುತ್ತದೆಯೇ, ಬೋಲ್ಟ್ ತೂತುಗಳು ಒಂದೇ ಸುತ್ತಳತೆಯಲ್ಲಿವೆಯೇ, ಡ್ಯಾಂಪರ್ ಪ್ಲೇಟಿನ (ಫ್ಲೈವೀಲಿಗೂ ಗೇರ್ ಬಾಕ್ಸಿಗೂ ನಡುವಿನ ಸ್ಪ್ರಿಂಗ್ ತಟ್ಟೆ) ತೂತುಗಳಿವೆಯೇ ಎಂದು ನೆಲದ ಮೇಲೇ ಕೂರಿಸಿ ನೋಡಿ. ಹೌಸಿಂಗ್ ಎಸ್‌ಎಇ 3 (ಹೌಸಿಂಗ್ ಬಾಯಿಯ ಸ್ಟ್ಯಾಂಡರ್ಡ್ ಅಳತೆ) ಆಗಿದ್ದರೆ ಒಳವ್ಯಾಸ 409.6 ಮಿ.ಮೀ., 12 ಬೋಲ್ಟು, ಬೋಲ್ಟ್ ಸುತ್ತು 428.6 ಮಿ.ಮೀ. ಎಸ್‌ಎಇ 2 ಆದರೆ 447.7 ಮತ್ತು 466.7. ಟೇಪಿನಲ್ಲಿ ಅಳೆದರೂ ಗೊತ್ತಾಗುವಷ್ಟು ವ್ಯತ್ಯಾಸ. ಹೌಸಿಂಗ್ ಹೊಸ ಬ್ಲಾಕಿಗೆ ಬಿಗಿದ ಮೇಲೆ ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಒಂದು ಸುತ್ತು ತಿರುಗಿಸಿ ಹೌಸಿಂಗ್ ಬಾಯಿ ಕೇಂದ್ರದಲ್ಲಿದೆಯೇ ನೋಡಬೇಕು. ಬ್ಲಾಕ್ ಬದಲಾದಾಗ ಬಹಳ ಜನ ಬಿಡುವ ಹಂತ ಇದು. ಬಿಟ್ಟರೆ ಗೇರ್‌ಬಾಕ್ಸಿನ ಮುಂದಿನ ಸೀಲು, ಡ್ಯಾಂಪರ್ ಸ್ಪ್ರಿಂಗು ಕೆಲವೇ ದಿನದಲ್ಲಿ ಹೋಗುತ್ತವೆ, ತಪ್ಪು ಗೇರ್‌ಬಾಕ್ಸಿನ ಮೇಲೆ ಬರುತ್ತದೆ.

ಫ್ಯುಯೆಲ್ ಪಂಪು ನಿಮ್ಮ ಹಳೆಯದೇ ಇರಲಿ. ಕ್ಯಾಲಿಬ್ರೇಷನ್ ಬೆಂಚಿನಲ್ಲಿ ಒಮ್ಮೆ ನೋಡಿಸಿ, ನಾಜಲ್ ಕೂಡ. ಫೋರ್ಕ್‌ಲಿಫ್ಟ್ ಪಂಪಿನ ಗವರ್ನರ್ ಬೇರೆ ವೇಗಕ್ಕೆ ಕಟ್ಟಿದ್ದು, ಜನರೇಟರಿನದಾದರೆ 1500 ಸುತ್ತಿಗೇ ನಿಂತುಬಿಡುತ್ತದೆ. ಮರೀನ್ 4.236 ಸುಮಾರು 72 ಅಶ್ವಶಕ್ತಿ ಕೊಡುವುದು 2500 ಸುತ್ತಿನಲ್ಲಿ. ನಿಮ್ಮ ಪ್ರೊಪೆಲ್ಲರನ್ನು ಆ ಲೆಕ್ಕಕ್ಕೆ ಕೊಟ್ಟಿರುತ್ತಾರೆ.

ಗೇರ್‌ಬಾಕ್ಸ್ ತೆಗೆದಾಗ ಅದರ ಮುಂದಿನ ಪಂಪಿನ ಮೇಲಿರುವ ಬಾಣದ ಗುರುತು ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ವೆಲ್ವೆಟ್ ಡ್ರೈವಿನ ಪಂಪು ಎಂಜಿನ್ ತಿರುಗುವ ದಿಕ್ಕಿಗೆ ತಕ್ಕಂತೆ ಕೂರುತ್ತದೆ. ಸೀಲ್ ಬದಲಿಸುವಾಗ ಪಂಪನ್ನು ತಿರುಗಿಸಿ ಕೂರಿಸಿದರೆ ಒತ್ತಡವೇ ಬರುವುದಿಲ್ಲ.

ಅಲೈನ್‌ಮೆಂಟನ್ನು ದಂಡೆಯ ಮೇಲೆ ಮುಗಿಸಬೇಡಿ. ಫೈಬರ್ ದೋಣಿ ನೆಲದ ಮೇಲೆ ಒಂದು ಆಕಾರ, ನೀರಿನಲ್ಲಿ ಇನ್ನೊಂದು. ದಂಡೆಯ ಮೇಲೆ ಅಂದಾಜಿಗೆ ಕೂರಿಸಿ, ನೀರಿಗಿಳಿಸಿ, ಒಂದು ದಿನ ಬಿಟ್ಟು ಕಪ್ಲಿಂಗ್ ಬಿಚ್ಚಿ ನಾಲ್ಕೂ ಕಡೆ ಫೀಲರ್ ಗೇಜ್ ಹಾಕಿ. ಫ್ಲೇಂಜಿನ ಪ್ರತಿ ಇಂಚು ವ್ಯಾಸಕ್ಕೆ ಒಂದು ಥೌ ಮೀರಬಾರದು. ನಾಲ್ಕು ಇಂಚಿನ ಫ್ಲೇಂಜಾದರೆ ಮೇಲೆ-ಕೆಳಗೆ, ಎಡ-ಬಲ ವ್ಯತ್ಯಾಸ ನಾಲ್ಕು ಥೌ, ಅಂದರೆ 0.1 ಮಿ.ಮೀ. ಒಳಗೆ.

ಎಂಜಿನ್ ಹಾಳಾಗಲು ಕಾರಣವಾದದ್ದನ್ನು ಹಾಗೇ ಬಿಟ್ಟರೆ ಹೊಸ ಬ್ಲಾಕೂ ಹೋಗುತ್ತದೆ. ಹೊಳೆ ಬಂದಾಗ ಎರೆಮಣ್ಣಿನ ರಾಡಿ, ಆಮೇಲೆ ಜಲಕಳೆ, ಎರಡೂ ನಮ್ಮ ಹಿನ್ನೀರಿನಲ್ಲಿ ತಪ್ಪಿದ್ದಲ್ಲ. ಎರಡು ಸ್ಟ್ರೇನರು, ಪ್ರತಿಯೊಂದಕ್ಕೂ ವಾಲ್ವು ಇರುವಂತೆ ಹಾಕಿ. ಒಂದು ಓಡುತ್ತಿರುವಾಗ ಇನ್ನೊಂದು ತೆಗೆದು ತೊಳೆಯಬಹುದು. 95 ಡಿಗ್ರಿಗೆ ಕೂಗುವ ಸ್ವಿಚ್ಚು, ಹಾರ್ನು ಹಾಕಿ. ಮೀಟರಿನ ಮುಳ್ಳನ್ನು ಮಾತ್ರ ನಂಬಬೇಡಿ, ನೀರು ಖಾಲಿಯಾದ ಕಡೆ ಸೆನ್ಸರ್ ಇದ್ದರೆ ಮುಳ್ಳು ಏರುವುದೇ ಇಲ್ಲ. ಆದ್ದರಿಂದ ಎಕ್ಸಾಸ್ಟಿನಿಂದ ನೀರು ಬರುತ್ತಿದೆಯೇ ಎಂದು ಓಡಿಸುವವರು ಕಣ್ಣಿಟ್ಟಿರಬೇಕು. ಸುಟ್ಟ ಇಂಪೆಲ್ಲರಿನ ರೆಕ್ಕೆ ತುಂಡುಗಳು ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಸಿಕ್ಕಿರುತ್ತವೆ. ರೆಕ್ಕೆ ಎಣಿಸಿ, ಎಲ್ಲ ತುಂಡೂ ಸಿಗುವ ತನಕ ಹುಡುಕಿ. ಸಮುದ್ರದಿಂದ ಬಂದ ದೋಣಿಯಾದ್ದರಿಂದ ತಳದಲ್ಲಿ ಸತುವಿನ ಆನೋಡ್ (ಬೇರೆ ಲೋಹದ ಬದಲು ತಾನು ಸವೆಯುವ ತುಂಡು) ಇರಬಹುದು. ಸಿಹಿನೀರಿಗೆ ಮ್ಯಾಗ್ನೀಷಿಯಂ ಆನೋಡ್ ಬೇಕು.

ಮಂದಿ ಕೂರುವ ಲಾಂಚು. ಎಂಜಿನ್ ನಂಬರ್ ಬದಲಾದದ್ದನ್ನು ನೋಂದಣಿ ಅಧಿಕಾರಿಗೆ ಬರೆದು ತಿಳಿಸಿ, ಸರ್ವೆ ಮಾಡಿಸಿ. ಈಗ ನಡೆಯುವುದು 2021ರ ಒಳನಾಡು ಹಡಗುಗಳ ಕಾಯ್ದೆ. ಗುಜರಿಯವರಿಂದ ಎಂಜಿನ್ ನಂಬರ್ ಬರೆದ ಪಕ್ಕಾ ಬಿಲ್ ಈಗಲೇ ತೆಗೆದುಕೊಳ್ಳಿ.

ಹಿನ್ನೀರದಂಡಿ (ಬೀಳಗಿ):

ಹೌಸಿಂಗ್ ಅಳದ್ವಿ, ಎಸ್‌ಎಇ 3 ಐತಿ. ಫೋರ್ಕ್‌ಲಿಫ್ಟಿನ ಎಂಜಿನ್ ತಗೋತೀವಿ. ಕಡೀ ಪ್ರಶ್ನೆ: ಇಷ್ಟೆಲ್ಲಾ ಬದಲಿಗೆ ಲೇಲ್ಯಾಂಡ್ ಅಥವಾ ಕಿರ್ಲೋಸ್ಕರ್ ಹಾಕ್ರಿ ಅಂತ ಇಲ್ಲಿ ಒಬ್ಬ ಮಿಸ್ತ್ರಿ ಅಂತಾರ. ಮತ್ತ ಮೊದಲ ಸ್ಟಾರ್ಟಿಗೆ ಏನ್ ನೋಡಬೇಕು?

ಡೀಸೆಲ್_ವಿಜಯಪುರ:

ಅವರ ಮಾತಿನ್ಯಾಗ ಹುರುಳದ, ಆ ಎಂಜಿನ್ನಿನ ಸಾಮಾನು ಎಲ್ಲಾ ಊರಾಗ ಸಿಗ್ತಾವ. ಆದ್ರ ಎಂಜಿನ್ ಬೆಡ್, ಹೌಸಿಂಗ್, ಎಕ್ಸಾಸ್ಟ್, ಕೂಲಿಂಗ್, ಪ್ರೊಪೆಲ್ಲರ್ ಎಲ್ಲಾ ಹೊಸದಾಗಿ ಮಾಡಬೇಕು. ತೂಕ ಬದಲಾದ್ರ ಲಾಂಚ್ ನಿಲ್ಲೂ ಹದಾನೂ ಬದಲಾಗ್ತದ. ಜುಲೈ ಒಳಗ ಅದು ಮುಗಿಯಂಗಿಲ್ಲ. ನಿಮ್ಮ ಮರೀನ್ ಸಾಮಾನು ಗಟ್ಟಿ ಇದ್ದಾಗ 4.236ಕ್ಕ 4.236 ಹಾಕೂದೇ ಸರಿ.

ಮೊದಲ ಸ್ಟಾರ್ಟ್: ಆಯಿಲ್, ಫಿಲ್ಟರ್ ತುಂಬಿ, ಪಂಪಿನ ಸ್ಟಾಪ್ ಎಳದಿಟ್ಟು ಆಯಿಲ್ ಪ್ರೆಷರ್ ಮುಳ್ಳು ಏಳೂ ತನಕ ಸೆಲ್ಫ್ ತಿರುಗಿಸ್ರಿ. ಹತ್ತು ಸೆಕೆಂಡ್ ತಿರುಗಿಸಿ ಬಿಡ್ರಿ, ಸೆಲ್ಫ್ ತಣ್ಣಗಾಗಲಿ, ಮತ್ತ ತಿರುಗಿಸ್ರಿ. ಹಿಂಗ ತಿರುಗಿಸೂ ಮುಂದ ಸೀಕಾಕ್ (ಹೊಳಿ ನೀರು ಒಳಗ ಬರೂ ವಾಲ್ವ್) ಬಂದ್ ಇರಲಿ. ಎಂಜಿನ್ ಹತ್ತದ ಹೊಳಿ ನೀರು ಎಕ್ಸಾಸ್ಟಿನ್ಯಾಗ ತುಂಬಿದ್ರ ಹಿಂದಕ್ಕ ಸಿಲಿಂಡರಿಗೆ ಬರ್ತದ, ಹೊಸ ರಾಡ್ ಬಾಗ್ತಾವ. ಹತ್ತಿದ ಕೂಡಲೆ ಸೀಕಾಕ್ ತಗೀರಿ, ಎಕ್ಸಾಸ್ಟಿನ್ಯಾಗ ನೀರು ನೋಡ್ರಿ. ಬರಲಿಲ್ಲಂದ್ರ ತಡಾ ಮಾಡದ ಬಂದ್ ಮಾಡ್ರಿ.

ಕಾದ ಮ್ಯಾಲ ಭಾಳ ಹೊತ್ತು ಖಾಲಿ ಓಡಸಬ್ಯಾಡ್ರಿ, ಲೈನರ್ ಕನ್ನಡಿ ಹಂಗ ನುಣುಪಾಗಿ ರಿಂಗ್ ಕೂಡಂಗಿಲ್ಲ. ದಂಡಿಗೆ ಕಟ್ಟಿ ಗೇರ್ ಹಾಕಿ ಅರ್ಧ ಲೋಡ್ ಕೊಡ್ರಿ, ವೇಗ ಬದಲಿಸ್ಕೋತ ಇರ್ರಿ. ಆಮ್ಯಾಲ ಹೆಡ್ ಮತ್ತ ಬಿಗದು ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸ್ರಿ. ಕಡೀಕ ಹಿನ್ನೀರಿನ್ಯಾಗ ಒಯ್ದು ಪೂರಾ ಎಳೀರಿ. 2500ಕ್ಕ ಮುಟ್ಟದ ಕರಿ ಹೊಗಿ ಬಿಟ್ರ ಪಂಪಿನ ಸೀಲ್ ಮುರೀಬ್ಯಾಡ್ರಿ, ಮೊದಲ ಪ್ರೊಪೆಲ್ಲರಿಗೆ ಮೀನಿನ ಬಲಿ ಸಿಕ್ಕದ ಏನು, ತಳಕ್ಕ ಪಾಚಿ ಹಿಡದದ ಏನು ನೋಡ್ರಿ.